ಮಂಡಕ್ಕಿ, ಶೇಂಗಾ ಮತ್ತು ಮೂರನೆಯ ಅವಧಿಯ ಹಸಿವು



ಆದೋನಿಯಲ್ಲಿ ಬೆಳಗಾಯಿತೆಂಬುದಕ್ಕೆ ಬಜ್ಜಿಯ ಬಾಣಲೆಯ ಸದ್ದೇ ಗುರುತು. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನಗಳ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿಯ ಪುಡಿ ಉದುರಿಸಿದ ತಿಂಡಿಯನ್ನು ತೆಲುಗರು ಉಗ್ಗಾನಿ ಎನ್ನುತ್ತಾರೆ. ಕನ್ನಡಿಗರು ಒಗ್ಗರಣೆ ಎಂದೇ ಕರೆಯುತ್ತಾರೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ತಟ್ಟೆಯೊಳಗಿನ ತಿಂಡಿ ಗಡಿಯ ಎರಡೂ ಕಡೆ ಒಂದೇ ಆಗಿ ಉಳಿಯಿತು.

ಹತ್ತಿ ಬಿಡಿಸುವ ಕಾಲದಲ್ಲಿ ಕೋಸಿಗಿ, ಕೌತಾಳಂ, ಹೊಳಗುಂದಿ ಕಡೆಯ ತಾಯಂದಿರು ನಸುಕಿನಲ್ಲಿಯೇ ಹೊಲಕ್ಕೆ ಹೊರಡುತ್ತಾರೆ. ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ವಲಸೆ ಹೋದವರ ಮಕ್ಕಳು ಅಜ್ಜಿಯರ ಆಶ್ರಯದಲ್ಲಿರುತ್ತಾರೆ. ಒಲೆ ಹೊತ್ತದ ಮನೆಯ ಮಗು ಶಾಲೆಯ ಹಾದಿಯಲ್ಲಿ ಒಂದು ಪೊಟ್ಟಣ ಮಂಡಕ್ಕಿಯನ್ನೋ ಬಿಸ್ಕತ್ತನ್ನೋ ಕೊಂಡು ತಿಂದು ತರಗತಿಗೆ ಬರುತ್ತದೆ. ಮೂರನೆಯ ಅವಧಿಗೆ ಅದರ ಕಣ್ಣು ಕಿಟಕಿಯ ಕಡೆಗೆ, ಮನಸ್ಸು ಬಿಸಿಯೂಟದ ಗಂಟೆಯ ಕಡೆಗೆ. ಹಾಜರಿ ಪುಸ್ತಕದಲ್ಲಿ ಅದು ಹಾಜರು, ಪಾಠಕ್ಕೆ ಗೈರು. ಇದನ್ನು ಸೋಮಾರಿತನವೆಂದು ಗದರುವ ಮೊದಲು ಆ ಪೊಟ್ಟಣದೊಳಗೆ ಏನಿತ್ತೆಂದು ಕೇಳುವುದು ನ್ಯಾಯ.

ಕುಚ್ಚಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದಾಗ ಒಳಗಿನ ತೇವ ಆವಿಯಾಗಿ ಸಿಡಿದು ಕಾಳು ಅರಳುತ್ತದೆ. ಹಾಗೆ ಅರಳಿದ ಪಿಷ್ಟ ಸಡಿಲಾಗಿ, ರಂಧ್ರಮಯವಾಗಿರುವುದರಿಂದ ಜೀರ್ಣರಸಗಳಿಗೆ ತಡೆಯಿಲ್ಲದೆ ಒದಗುತ್ತದೆ. ಅದು ಬೇಗನೆ ಸಕ್ಕರೆಯಾಗಿ ರಕ್ತ ಸೇರುತ್ತದೆ. ಏರಿದ ಸಕ್ಕರೆಯನ್ನು ಇಳಿಸಲು ಇನ್ಸುಲಿನ್ ಸ್ರವಿಸುತ್ತದೆ. ಹಸಿವೂ ಬೇಗ ಮರಳುತ್ತದೆ. ಈ ಏರಿಳಿತವನ್ನು ಅಳೆಯುವ ಗ್ಲೈಸಿಮಿಕ್ ಸೂಚ್ಯಂಕವನ್ನು ಟೊರಾಂಟೊ ವಿಶ್ವವಿದ್ಯಾನಿಲಯದ ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ಗ್ಲುಕೋಸಿಗೆ 100 ಎಂದಿಟ್ಟುಕೊಂಡರೆ 70 ಮತ್ತು ಅದಕ್ಕೂ ಮೇಲಿನದು ಹೆಚ್ಚು, 55 ಮತ್ತು ಅದಕ್ಕೂ ಕೆಳಗಿನದು ಕಡಿಮೆ. ಮಂಡಕ್ಕಿ ಮೊದಲ ಗುಂಪಿನದು. ಅದೇ ಹೊಲಗಳಲ್ಲಿ ಬೆಳೆದು ಆದೋನಿಯ ಮಾರುಕಟ್ಟೆಗೆ ಚೀಲಗಟ್ಟಲೆ ಬರುವ ಶೇಂಗಾ 20ಕ್ಕಿಂತಲೂ ಕೆಳಗಿನದು.

ಹಾಗಾದರೆ ಶೇಂಗಾ ತಿಂದರೆ ಹೊಟ್ಟೆ ತುಂಬುತ್ತದೆಯೆ? ಇಲ್ಲಿ ಅವಸರದ ಉತ್ತರ ಸಲ್ಲದು. 1995ರಲ್ಲಿ ಸಿಡ್ನಿ ವಿಶ್ವವಿದ್ಯಾನಿಲಯದ ಸುಸಾನ್ನಾ ಹೋಲ್ಟ್ ಮತ್ತು ಅವರ ಸಂಗಡಿಗರು 38 ಆಹಾರಗಳನ್ನು ತಲಾ 240 ಕ್ಯಾಲೊರಿಯಷ್ಟು ತಿನ್ನಿಸಿ, ಎರಡು ಗಂಟೆಗಳ ಕಾಲ ಹದಿನೈದು ನಿಮಿಷಕ್ಕೊಮ್ಮೆ ತೃಪ್ತಿಯನ್ನು ಅಳೆದರು. ಬಿಳಿ ಬ್ರೆಡ್ಡಿಗೆ 100 ಎಂದಾಗ ಬೇಯಿಸಿದ ಆಲೂಗಡ್ಡೆಗೆ 323 ಬಂದಿತು. ಶೇಂಗಾಕ್ಕೆ ಬಂದುದು ಕೇವಲ 84. ಅಷ್ಟು ಕ್ಯಾಲೊರಿಯ ಶೇಂಗಾ ಒಂದು ಹಿಡಿಯಷ್ಟೇ ಆಗುವುದರಿಂದ ಹೊಟ್ಟೆಯಲ್ಲಿ ಅದು ಹಿಡಿಯುವ ಜಾಗ ಕಡಿಮೆ. ರಕ್ತದ ಸಕ್ಕರೆಯನ್ನು ಏರಿಸದಿರುವುದು ಬೇರೆ, ಹೊಟ್ಟೆ ತುಂಬಿಸುವುದು ಬೇರೆ. ಆಲೂಗಡ್ಡೆ ಸಕ್ಕರೆಯನ್ನೂ ಏರಿಸುತ್ತದೆ, ಹೊಟ್ಟೆಯನ್ನೂ ತುಂಬಿಸುತ್ತದೆ. ಒಂದೇ ಸಂಖ್ಯೆಯನ್ನು ನಂಬಿ ಆಹಾರವನ್ನು ಒಳ್ಳೆಯದು ಕೆಟ್ಟದ್ದು ಎಂದು ವಿಂಗಡಿಸುವ ಗೋಡೆಚಿತ್ರಗಳನ್ನು ಶಾಲೆಗಳು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಆದುದರಿಂದ ಮಂಡಕ್ಕಿಯನ್ನು ಬಿಡಿಸುವುದಕ್ಕಿಂತ ಅದರ ಜೊತೆಗಾರರನ್ನು ಬದಲಿಸುವುದು ಜಾಣತನ. ನೂರು ಗ್ರಾಂ ಮಂಡಕ್ಕಿಯಲ್ಲಿ ಪ್ರೋಟೀನು ಸುಮಾರು 7 ಗ್ರಾಂ. ಅಷ್ಟೇ ತೂಕದ ಪುಟಾಣಿಯಲ್ಲಿ ಸುಮಾರು 22, ಶೇಂಗಾದಲ್ಲಿ ಸುಮಾರು 25. ಒಗ್ಗರಣೆಯ ಮೇಲೆ ಪುಟಾಣಿ ಪುಡಿ ಉದುರಿಸಿದ ಹಳೆಯ ಕೈ ರುಚಿಗಾಗಿ ಹಾಗೆ ಮಾಡಿತು. ಅದು ಇನ್ನೊಂದು ಚಮಚ ಧಾರಾಳವಾದರೆ ಒಳ್ಳೆಯದು. ಹಸಿ ಈರುಳ್ಳಿ, ಸೌತೆಕಾಯಿ, ಬೇಯಿಸಿದ ಹೆಸರುಕಾಳು, ಅಲಸಂದೆ ಸೇರಿದರೆ ನಾರು ಮತ್ತು ನೀರಿನ ಅಂಶಗಳು ಗಾತ್ರವನ್ನು ಕೊಡುತ್ತವೆ. ಬಜ್ಜಿಯ ಎಣ್ಣೆ ಸಕ್ಕರೆಯ ಏರಿಕೆಯನ್ನು ತುಸು ನಿಧಾನಗೊಳಿಸುವುದು ನಿಜ, ಆದರೆ ಆ ನೆಪದಲ್ಲಿ ನಾಲ್ಕನೆಯ ಬಜ್ಜಿಗೆ ಕೈ ಹಾಕುವ ಹಿರಿಯರು ತಮ್ಮನ್ನೇ ವಂಚಿಸಿಕೊಳ್ಳುತ್ತಾರೆ. ಅಜ್ಜಿಯ ಡಬ್ಬಿಯಲ್ಲಿರುವ ಕಟಕ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಅಂಗಡಿಯ ಯಾವ ಪೊಟ್ಟಣಕ್ಕಿಂತಲೂ ಮೇಲು. ಅದನ್ನು ತಂದ ಮಗು ಸಂಕೋಚದಿಂದ ಮುಚ್ಚಿಟ್ಟುಕೊಂಡು ತಿನ್ನದಂತೆ ನೋಡಿಕೊಳ್ಳುವುದು ಶಿಕ್ಷಕರ ಕೈಯಲ್ಲಿದೆ.

ಆಂಧ್ರದ ಬಿಸಿಯೂಟದಲ್ಲಿ 2020ರಿಂದ ಶೇಂಗಾ ಚಿಕ್ಕಿಯೂ 2023ರ ಮಾರ್ಚ್‌ನಿಂದ ರಾಗಿ ಜಾವೆಯೂ ಸೇರಿದವು. ಚಿಕ್ಕಿಯಲ್ಲಿರುವ ಬೆಲ್ಲವೂ ಬಹುಪಾಲು ಸಕ್ಕರೆಯೇ. ಬೆಲ್ಲ ಮಧುಮೇಹಕ್ಕೆ ಅಡ್ಡಿಯಿಲ್ಲವೆಂಬ ಮಾತು ತಪ್ಪು. ಆದರೆ ಬೆಳೆಯುವ, ಓಡಾಡುವ ಮಗುವಿಗೆ ಶೇಂಗಾದೊಡನೆ ಬಂದ ಬೆಲ್ಲವನ್ನು ಬರಿಯ ಮಿಠಾಯಿಯೊಡನೆ ಹೋಲಿಸಲಾಗದು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು; ಹುರಿದರೂ ಅದು ಪೂರ್ತಿ ಹೋಗದು, ಎಸೆಯಲೇಬೇಕು.

ಪರಿಸರ ಅಧ್ಯಯನದ ಪಾಠಕ್ಕೆ ಇದರಲ್ಲಿ ಸುಲಭವಾದ ಪ್ರಯೋಗವಿದೆ. ಇಪ್ಪತ್ತೈದು ಗ್ರಾಂ ಮಂಡಕ್ಕಿ, ಇಪ್ಪತ್ತೈದು ಗ್ರಾಂ ಶೇಂಗಾ ತೂಗಿ ಎರಡು ಪಾತ್ರೆಗಳಲ್ಲಿಡಬೇಕು. ಯಾವುದು ಹೆಚ್ಚು ಎಂದು ಕೇಳಿದರೆ ಮಕ್ಕಳು ಮಂಡಕ್ಕಿಯತ್ತ ಬೆರಳು ತೋರುತ್ತಾರೆ. ಬಳಿಕ ಮಂಡಕ್ಕಿಯ ಮೇಲೆ ನೀರು ಚಿಮುಕಿಸಿ ಒತ್ತಿದರೆ ರಾಶಿ ಕುಸಿದು ಒಂದು ಮುಷ್ಟಿಯಾಗುತ್ತದೆ. ಮಂಡಕ್ಕಿ, ಚುರುಮುರಿ, ಬೊರುಗುಲು ಎಂದು ಮನೆಮನೆಯ ಹೆಸರುಗಳು ಆಗ ತಾವಾಗಿಯೇ ಹೊರಬರುತ್ತವೆ. ಅವನ್ನು ತಿದ್ದದೆ ಹಲಗೆಯ ಮೇಲೆ ಬರೆಯಬೇಕು.

ಈ ಎಲ್ಲ ಮಾತಿಗೂ ತಿರುವುಮುರುವಾದ ಸಂದರ್ಭವೊಂದಿದೆ. ಇನ್ಸುಲಿನ್ ಚುಚ್ಚಿಕೊಳ್ಳುವ ಮಗು ತರಗತಿಯಲ್ಲಿದ್ದು, ಇದ್ದಕ್ಕಿದ್ದಂತೆ ಬೆವರಿ, ನಡುಗಿ, ತಬ್ಬಿಬ್ಬಾಗಿ ಮಾತನಾಡಿದರೆ ಅದು ರಕ್ತದ ಸಕ್ಕರೆ ಕುಸಿದ ಲಕ್ಷಣ. ಆಗ ಶೇಂಗಾವಾಗಲಿ ಚಿಕ್ಕಿಯಾಗಲಿ ಕೊಡಬಾರದು, ಅವು ನಿಧಾನ. ಎಚ್ಚರವಿದ್ದು ನುಂಗಬಲ್ಲ ಮಗುವಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ, 108ಕ್ಕೆ ಕರೆ ಮಾಡಬೇಕು. ಸಕ್ಕರೆಯ ಸಣ್ಣ ಡಬ್ಬಿಯೊಂದು ಸೀಮೆಸುಣ್ಣದ ಪೆಟ್ಟಿಗೆಯ ಪಕ್ಕದಲ್ಲಿ, ಬೀಗವಿಲ್ಲದ ಕಡೆ ಇರಲಿ.