ಎಚ್‌ಆರ್ ಹೆಸರು ಅಸಲಿ, ಮೇಲ್ ನಕಲಿ

ಇವತ್ತು ನಾನು ದುಡ್ಡು ಕಳ್ಕೊಂಡ ಕತೆ ಹೇಳ್ತೀನಿ. ನಗು ಬಂದ್ರೆ ನಗಿ, ಆದ್ರೆ ಪೂರ್ತಿ ಕೇಳಿ.

ಬಿ.ಕಾಂ ಮುಗಿಸಿ ವೈಟ್‌ಫೀಲ್ಡ್‌ನ ಒಂದು ಪಿಜಿಯಲ್ಲಿದ್ದೆ. ನಲವತ್ತು ಕಡೆ ರೆಸ್ಯೂಮೆ ಕಳಿಸಿದ್ರೂ ಉತ್ತರ ಇಲ್ಲ. ಒಂದು ದಿನ ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಯೊಂದರ ಹೆಸರಲ್ಲಿ ಮೇಲ್ ಬಂತು. ಫೋನಲ್ಲೇ ಹತ್ತು ನಿಮಿಷ ಇಂಟರ್‌ವ್ಯೂ. ಮರುದಿನ ಲೋಗೋ, ಸೀಲು, ಸಹಿ ಎಲ್ಲಾ ಇರೋ ಆಫರ್ ಲೆಟರ್. ಕೊನೆಯಲ್ಲಿ ಒಂದು ಸಾಲು: ಲ್ಯಾಪ್‌ಟಾಪ್‌ಗೆ 4,500 ರೂಪಾಯಿ ಡೆಪಾಸಿಟ್ ಕಟ್ಟಿ, ಮೊದಲ ಸಂಬಳದ ಜೊತೆ ವಾಪಸ್ ಕೊಡ್ತೀವಿ.

ನಾನೇನು ಕಣ್ಮುಚ್ಚಿ ಕಟ್ಟಲಿಲ್ಲ. ಲೆಟರ್‌ನಲ್ಲಿದ್ದ ಎಚ್‌ಆರ್ ಹೆಸರನ್ನ ಲಿಂಕ್ಡ್‌ಇನ್‌ನಲ್ಲಿ ಹುಡುಕಿದೆ. ಅದೇ ಹೆಸರು, ಅದೇ ಕಂಪನಿ, ಫೋಟೋನೂ ಇತ್ತು. ನಂಬಿ ಯುಪಿಐ ಮಾಡಿಬಿಟ್ಟೆ. ಎರಡೇ ದಿನಕ್ಕೆ ಮತ್ತೆ ಮೇಲ್: ವೆರಿಫಿಕೇಶನ್‌ಗೆ 9,000.

ಅಷ್ಟು ನನ್ನ ಹತ್ರ ಇರಲಿಲ್ಲ. ಅಪ್ಪಂಗೆ ಫೋನ್ ಮಾಡಿದೆ. ಅವರು ಪೀಣ್ಯದಲ್ಲಿ ಲೇತ್ ಮೆಷಿನ್ ನಡೆಸೋರು. ಒಂದೇ ಮಾತು ಕೇಳಿದ್ರು: “ಅಲ್ಲ ಕಣೋ, ಸಂಬಳ ಕೊಡೋರು ಅವರು ತಾನೆ? ದುಡ್ಡು ನೀನ್ಯಾಕೆ ಕೊಡ್ತಿದೀಯ?”

ನಾನು ಎಡವಿದ್ದು ಎಲ್ಲಿ ಗೊತ್ತಾ? ಆ ಎಚ್‌ಆರ್ ಇದ್ದಾರಾ ಅಂತ ನೋಡಿದೆ. ಮೇಲ್ ಕಳಿಸಿದ್ದು ಅವರೇನಾ ಅಂತ ನೋಡ್ಲಿಲ್ಲ. ಲಿಂಕ್ಡ್‌ಇನ್‌ನಲ್ಲಿರೋ ಹೆಸರು ನನಗೆ ಸಿಕ್ಕ ಹಾಗೇ ವಂಚಕರಿಗೂ ಸಿಗುತ್ತೆ.

ಹಾಗಾದ್ರೆ ಏನು ನೋಡ್ಬೇಕು? ಫೋನಲ್ಲಿ ಮೇಲ್ ತೆರೆದಾಗ ಕಾಣೋದು ಬರೀ ಹೆಸರು. ಅದರ ಕೆಳಗೆ ಒತ್ತಿ, ಪೂರ್ತಿ ವಿಳಾಸ ಬರುತ್ತೆ. ‘ಆಟ್’ ಚಿಹ್ನೆ ಆದ್ಮೇಲೆ ಏನಿದೆ ಓದಿ. ಅಲ್ಲಿ ಜಿಮೇಲ್ ಇದ್ರೆ ಅಲ್ಲಿಗೇ ಬಿಡಿ. ಕಂಪನಿ ಹೆಸರಿಗೆ ‘ಜಾಬ್ಸ್’, ‘ಕೆರಿಯರ್ಸ್’ ಅಂತ ಬಾಲ ಸೇರಿಸಿದ್ರೂ ಅನುಮಾನಪಡಿ. ಅಂಥ ಡೊಮೇನ್ ಯಾರು ಬೇಕಾದ್ರೂ ಕೊಳ್ಳಬಹುದು. ಕಂಪನಿಯ ವೆಬ್‌ಸೈಟ್‌ಗೆ ನೀವೇ ಹೋಗಿ ವಿಚಾರಿಸಿ, ಮೇಲ್‌ನಲ್ಲಿರೋ ನಂಬರಿಗೆ ಫೋನ್ ಮಾಡ್ಬೇಡಿ.

ವಿಳಾಸವನ್ನೂ ನಕಲು ಮಾಡೋರಿದ್ದಾರೆ. ಹಾಗಾಗಿ ಕೊನೆಯ ಪರೀಕ್ಷೆ ಅಪ್ಪ ಕೇಳಿದ ಪ್ರಶ್ನೆನೇ. ಇನ್ಫೋಸಿಸ್, ವಿಪ್ರೋ, ಟಿಸಿಎಸ್ ಮೂರೂ ನೇಮಕಾತಿಗೆ ದುಡ್ಡು ಕೇಳಲ್ಲ ಅಂತ ತಮ್ಮ ವೆಬ್‌ಸೈಟ್‌ನಲ್ಲೇ ಎಚ್ಚರಿಸಿವೆ. ಡೆಪಾಸಿಟ್, ಟ್ರೈನಿಂಗ್, ಯೂನಿಫಾರ್ಮ್, ಗೇಟ್‌ಪಾಸ್, ಹೆಸರು ಏನೇ ಇರ್ಲಿ, ಕೆಲಸಕ್ಕೆ ಮುಂಚೆ ದುಡ್ಡು ಕೇಳಿದ್ರೆ ಮುಂದೆ ಹೋಗ್ಬೇಡಿ.

ಈಗಾಗ್ಲೇ ಕಟ್ಟಿಬಿಟ್ಟಿದ್ರೆ? ತಕ್ಷಣ 1930ಕ್ಕೆ ಫೋನ್ ಮಾಡಿ. ದುಡ್ಡು ಬೇರೆ ಖಾತೆಗೆ ದಾಟೋ ಮೊದಲೇ ತಡೆಯೋ ಅವಕಾಶ ಇರುತ್ತೆ. ಯುಪಿಐ ವಹಿವಾಟಿನ ನಂಬರ್, ಮೇಲ್, ಚಾಟ್ ಯಾವುದನ್ನೂ ಡಿಲೀಟ್ ಮಾಡ್ಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ಕೊಡಬಹುದು. ಬೇರೆಯವರ ಸೋಗು ಹಾಕಿ ಆನ್‌ಲೈನ್‌ನಲ್ಲಿ ವಂಚಿಸಿದ್ರೆ ಐಟಿ ಕಾಯ್ದೆಯ 66ಡಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು.

ಇದ್ಯಾವುದೂ ನಾನು ಮಾಡ್ಲಿಲ್ಲ. ನಾಚಿಕೆಯಿಂದ ಪಿಜಿಯಲ್ಲಿ ಯಾರಿಗೂ ಹೇಳ್ಲೇ ಇಲ್ಲ. ಮುಂದಿನ ತಿಂಗಳು ನನ್ನ ರೂಮ್‌ಮೇಟ್‌ಗೂ ಅಂಥದ್ದೇ ಮೇಲ್ ಬಂತು. ಅವನೂ ಕಟ್ಟಿದ. ನನ್ನ 4,500 ಹೋಗಿದ್ದಕ್ಕಿಂತ ಇದೇ ಇವತ್ತಿಗೂ ಚುಚ್ಚುತ್ತೆ.

ಅದಕ್ಕೇ ಇದನ್ನ ಹೇಳಿದ್ದು. ಕೆಲಸ ಹುಡುಕ್ತಿರೋ ಒಬ್ಬರಿಗಾದ್ರೂ ನೀವೂ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.