ವಿಕಿರಣ ಅಯೋಡಿನ್ ಚಿಕಿತ್ಸೆಯ ಅನಂತರ ಮನೆಯಲ್ಲಿ



ಪರೇಲಿನ ಆಸ್ಪತ್ರೆಯಿಂದ ಬಿಡುಗಡೆಯಾಗಿ ಡೊಂಬಿವಲಿಗೋ ಕಲ್ಯಾಣಕ್ಕೋ ಹಿಂದಿರುಗುವ ರೋಗಿಯ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಇಷ್ಟು ದಿನ ಮಕ್ಕಳಿಂದ ದೂರವಿರಬೇಕು, ಬೇರೆಯಾಗಿ ಮಲಗಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಮನೆಯಾದರೋ ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ಐದು ಮಂದಿ. ಅಂತಹ ಮನೆಯಲ್ಲಿ ಆ ಚೀಟಿಯನ್ನು ಪಾಲಿಸುವುದು ಹೇಗೆಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಕ್ಯಾನ್ಸರಿಗೆ ಯಂತ್ರದ ಮೂಲಕ ಹೊರಗಿನಿಂದ ಕಿರಣ ಹಾಯಿಸುವುದನ್ನು ನಮ್ಮ ಜನ 'ಕರೆಂಟು ಕೊಡುವುದು' ಎನ್ನುತ್ತಾರೆ. ಹಾಗೆ ಕರೆಂಟು ಕೊಡಿಸಿಕೊಂಡವರ ದೇಹದಲ್ಲಿ ವಿಕಿರಣ ಉಳಿಯುವುದಿಲ್ಲ. ಅವರು ಆ ಸಂಜೆಯೇ ಮೊಮ್ಮಗನನ್ನು ಎತ್ತಿಕೊಳ್ಳಬಹುದು. ನಾನು ಹೇಳಹೊರಟಿರುವುದು ವಿಕಿರಣಶೀಲ ವಸ್ತುವನ್ನೇ ಔಷಧವಾಗಿ ನುಂಗಿದವರ ವಿಷಯ. ಮುಖ್ಯವಾಗಿ ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ಅಯೋಡಿನ್-131.

ಈ ಔಷಧಕ್ಕೂ ನಮ್ಮ ಪ್ರದೇಶಕ್ಕೂ ಹತ್ತಿರದ ನಂಟಿದೆ. ಟ್ರಾಂಬೆಯ ರಿಯಾಕ್ಟರಿನಲ್ಲಿ ಹುಟ್ಟಿದ ಅಯೋಡಿನ್-131 ಅನ್ನು ನವಿ ಮುಂಬಯಿಯ ವಾಶಿಯಲ್ಲಿರುವ ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿಯು ದೇಶದ ಆಸ್ಪತ್ರೆಗಳಿಗೆ ಒದಗಿಸುತ್ತದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದ, 1963ರಲ್ಲಿ ಪರೇಲಿನಲ್ಲಿ ಆರಂಭವಾದ ವಿಕಿರಣ ವೈದ್ಯಕೀಯ ಕೇಂದ್ರವು ಈ ಚಿಕಿತ್ಸೆಗೆ ದೇಶದಲ್ಲೇ ಹೆಸರಾದುದು.

ಥೈರಾಯ್ಡ್ ಗ್ರಂಥಿಯು ರಕ್ತದಲ್ಲಿನ ಅಯೋಡಿನನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಶಸ್ತ್ರಕ್ರಿಯೆಯಲ್ಲಿ ಗ್ರಂಥಿಯನ್ನು ತೆಗೆದ ಮೇಲೆ ಅಲ್ಲಲ್ಲಿ ಉಳಿದ ಜೀವಕೋಶಗಳಿಗೂ ಸಾಮಾನ್ಯವಾಗಿ ಅದೇ ಹಸಿವು. ಔಷಧವು ಅವುಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಅದು ಹೊರಸೂಸುವ ಬೀಟಾ ಕಣಗಳು ಒಂದೆರಡು ಮಿಲಿಮೀಟರಿನೊಳಗೇ ತಮ್ಮ ಕೆಲಸ ಮುಗಿಸುತ್ತವೆ. ಆದರೆ ಜೊತೆಯಲ್ಲೇ ಹೊರಡುವ ಗಾಮಾ ಕಿರಣಗಳು ದೇಹವನ್ನು ದಾಟಿ ಹತ್ತಿರದವರನ್ನು ತಲುಪುತ್ತವೆ. ಇದು ಒಂದು ದಾರಿ. ಮೂತ್ರ, ಜೊಲ್ಲು, ಬೆವರುಗಳ ಮೂಲಕ ಔಷಧವೇ ಹೊರಬರುವುದು ಇನ್ನೊಂದು ದಾರಿ. ಮೊದಲನೆಯದಕ್ಕೆ ಮದ್ದು ದೂರ, ಎರಡನೆಯದಕ್ಕೆ ನೀರು. ಮನೆಯವರು ಇವೆರಡನ್ನು ಬೇರೆಬೇರೆಯಾಗಿ ತಿಳಿದುಕೊಂಡರೆ ಅನಾವಶ್ಯಕವಾದ ಅರ್ಧ ಗಾಬರಿ ಕಳೆಯುತ್ತದೆ.

ದೂರದ ಲೆಕ್ಕ ಸರಳವಾದುದು. ಒಂದು ಮೀಟರಿನಲ್ಲಿ ಇರುವ ಕಿರಣದ ಪ್ರಮಾಣ ಎರಡು ಮೀಟರಿನಲ್ಲಿ ಕಾಲು ಭಾಗಕ್ಕೆ, ಮೂರು ಮೀಟರಿನಲ್ಲಿ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಚಿಕ್ಕ ಮನೆಯಲ್ಲಿಯೂ ಉಪಾಯವುಂಟು. ರೋಗಿ ಅಡುಗೆಮನೆಯ ಒಂದು ಮೂಲೆಯಲ್ಲೂ ಮಕ್ಕಳು ಹೊರಕೋಣೆಯ ಎದುರು ಮೂಲೆಯಲ್ಲೂ ಮಲಗಬೇಕು. ನಡುವಿನ ಗೋಡೆಗಿಂತ ನಡುವಿನ ಅಂತರ ಮುಖ್ಯ. ಪಕ್ಕದ ಮನೆಯವರ ಹಾಸಿಗೆ ಆ ಗೋಡೆಗೇ ತಗುಲಿದ್ದರೆ ನಿಮ್ಮ ಹಾಸಿಗೆಯನ್ನು ಈಚೆಗೆ ಎಳೆದುಕೊಳ್ಳಿರಿ. ಅತ್ತೆಯ ಕೈಗೆ ಕಾಫಿ ಕೊಡಲು ಅರ್ಧ ನಿಮಿಷ ಬಳಿಗೆ ಹೋಗುವುದರಿಂದ ಏನೂ ಆಗದು. ರಾತ್ರಿಯಿಡೀ ಎಂಟು ಗಂಟೆ ಪಕ್ಕದಲ್ಲಿ ಮಲಗುವುದೇ ಲೆಕ್ಕಕ್ಕೆ ಬರುವ ವಿಷಯ.

ದಿನಗಳ ಲೆಕ್ಕವೂ ಕಷ್ಟವಲ್ಲ. ಅಯೋಡಿನ್-131ರ ಅರ್ಧಾಯು 8 ದಿನ; ಎಂಟು ದಿನಕ್ಕೆ ಅರ್ಧ, ಹದಿನಾರಕ್ಕೆ ಕಾಲು. ದೇಹವು ಇದಕ್ಕಿಂತ ಬೇಗನೆ ಅದನ್ನು ಹೊರಹಾಕುತ್ತದೆ. ಗ್ರಂಥಿ ತೆಗೆದವರಲ್ಲಿ ಹೆಚ್ಚಿನ ಪಾಲು ಮೊದಲ ಎರಡು ಮೂರು ದಿನಗಳಲ್ಲಿ, ಆಸ್ಪತ್ರೆಯ ಪ್ರತ್ಯೇಕ ಕೊಠಡಿಯಲ್ಲಿದ್ದಾಗಲೇ ಮೂತ್ರದಲ್ಲಿ ಹೋಗಿರುತ್ತದೆ. ಬಿಡುಗಡೆಗೆ ಮೊದಲು ಉಪಕರಣದಿಂದ ಅಳೆದು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಧಿಸಿದ ಮಿತಿಯೊಳಗಿದ್ದರೆ ಮಾತ್ರ ಮನೆಗೆ ಕಳುಹಿಸುತ್ತಾರೆ. ಅತಿಥೈರಾಯ್ಡ್ ರೋಗಕ್ಕೆ ಇದೇ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಪಡೆದವರು ಸಾಮಾನ್ಯವಾಗಿ ಅಂದೇ ಮನೆಗೆ ಬರುತ್ತಾರೆ. 'ನಮ್ಮದು ಕ್ಯಾನ್ಸರಲ್ಲವಲ್ಲ' ಎಂದು ಅವರು ಉದಾಸೀನ ಮಾಡುವುದುಂಟು. ಅವರ ಗ್ರಂಥಿ ಪೂರ್ತಿಯಾಗಿ ಇರುವುದರಿಂದ ಔಷಧ ಹೆಚ್ಚು ದಿನ ಒಳಗೇ ನಿಲ್ಲುತ್ತದೆ. ಎಚ್ಚರಿಕೆಯ ದಿನಗಳು ಅವರಿಗೇ ಹೆಚ್ಚಾಗಬಹುದು. ಆದುದರಿಂದ ನೆರೆಮನೆಯವರ ಚೀಟಿಯ ದಿನಗಳನ್ನು ನೋಡಿ ನಿಮ್ಮದನ್ನು ನಿರ್ಧರಿಸಬೇಡಿರಿ. ಮಕ್ಕಳು ಮತ್ತು ಗರ್ಭಿಣಿಯರಿಂದ ದೂರವಿರುವ ಅವಧಿ ಸಾಮಾನ್ಯವಾಗಿ ಒಂದರಿಂದ ಮೂರು ವಾರ.

ಗರ್ಭಿಣಿಯರ ವಿಷಯದಲ್ಲಿ ಇಷ್ಟು ಒತ್ತಿ ಹೇಳಲು ಕಾರಣವಿದೆ. ಸುಮಾರು ಮೂರು ತಿಂಗಳಾಗುವ ಹೊತ್ತಿಗೆ ಭ್ರೂಣದ ಥೈರಾಯ್ಡ್ ಕೂಡ ಅಯೋಡಿನನ್ನು ಹೀರತೊಡಗುತ್ತದೆ. ಮನೆಯಲ್ಲಿ ಬಸುರಿ ಸೊಸೆಯಿದ್ದರೆ ಆಕೆ ಕೆಲವು ದಿನ ತವರಿಗೆ ಹೋಗುವುದು ಲೇಸು. ಪಾತ್ರೆ ಬಟ್ಟೆಗೆ ಬರುವ ಕೆಲಸದ ಹೆಂಗಸು ಬಸುರಿಯೋ ಎಂದು ಕೇಳುವುದನ್ನು ಬಹಳ ಮಂದಿ ಮರೆಯುತ್ತಾರೆ. ಎದೆಹಾಲೂಡಿಸುವ ತಾಯಿ ಚಿಕಿತ್ಸೆಗೆ ಕೆಲವು ವಾರ ಮೊದಲೇ ಅದನ್ನು ನಿಲ್ಲಿಸಬೇಕು, ಆ ಮಗುವಿಗೆ ಮತ್ತೆ ಊಡಿಸಬಾರದು. ಚಿಕಿತ್ಸೆ ಪಡೆದ ಸ್ತ್ರೀಯರು ಕನಿಷ್ಠ ಆರು ತಿಂಗಳು ಗರ್ಭ ಧರಿಸಬಾರದು; ಗಂಡಸರಿಗೂ ಕೆಲವು ತಿಂಗಳ ತಡೆ ಉಂಟು.

ಇನ್ನು ನೀರು. ರೋಗಿ ಗಂಡಸಾದರೂ ಕುಳಿತೇ ಮೂತ್ರ ಮಾಡಬೇಕು, ಎರಡು ಸಲ ನೀರು ಬಿಡಬೇಕು, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಗೊತ್ತಾದ ಹೊತ್ತಿಗೆ ಮಾತ್ರ ನಲ್ಲಿಯಲ್ಲಿ ನೀರು ಬರುವ ಕಟ್ಟಡಗಳಲ್ಲಿ ಇದಕ್ಕಾಗಿಯೇ ಎರಡು ಬಕೆಟ್ಟು ತುಂಬಿಸಿಡಿರಿ. ತಟ್ಟೆ ಲೋಟಗಳನ್ನೂ ಬಟ್ಟೆ ಹಾಸಿಗೆಗಳನ್ನೂ ಬೇರೆಯಾಗಿ ತೊಳೆದರೆ ಸಾಕು, ಎಸೆಯಬೇಕಿಲ್ಲ, ಸುಡಬಾರದು.

ಥೈರಾಯ್ಡ್ ಕ್ಯಾನ್ಸರ್ ಹೆಂಗಸರಲ್ಲೇ ಹೆಚ್ಚು. ಮನೆಗೆ ಬಂದ ಮರುದಿನ ಬೆಳಗ್ಗೆ ಐದಕ್ಕೇ ಆಕೆ ಎದ್ದು ಎಲ್ಲರ ಡಬ್ಬಿ ತುಂಬಿಸತೊಡಗಿದರೆ ಚೀಟಿಗೆ ಅರ್ಥವಿಲ್ಲ. ಮೊದಲ ಕೆಲವು ದಿನಗಳ ಅಡುಗೆಯನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ; ಅನ್ನ, ಸಾರು ಬೇಯಿಸಲು ಬಾರದೆನ್ನುವುದು ಒಪ್ಪತಕ್ಕ ಮಾತಲ್ಲ.

ಪ್ರಯಾಣದ ವಿಷಯ. ಸಂಜೆಯ ಲೋಕಲ್ ಗಾಡಿಯಲ್ಲಿ ದಾದರಿನಿಂದ ಕಲ್ಯಾಣದವರೆಗೆ ಸುಮಾರು ಒಂದು ಗಂಟೆ ಮೈಗೆ ಮೈ ಒತ್ತಿ ನಿಲ್ಲುವುದೆಂದರೆ ದೂರವೂ ಇಲ್ಲ, ಹೊತ್ತೂ ಕಡಿಮೆಯಲ್ಲ; ಪಕ್ಕದಲ್ಲಿ ನಿಂತವಳು ಬಸುರಿಯಾಗಿರಲೂಬಹುದು. ಬಿಡುಗಡೆಯ ದಿನವಾದರೂ ಬಾಡಿಗೆ ಕಾರು ಮಾಡಿ, ರೋಗಿಯನ್ನು ಹಿಂದಿನ ಆಸನದಲ್ಲಿ, ಚಾಲಕನಿಗೆ ಓರೆಯಾಗಿ ಕೂರಿಸಿರಿ. ಅದು ಕೈಗೆ ಎಟುಕದಿದ್ದರೆ ಯಾವ ಹೊತ್ತಿನಲ್ಲಿ ಹೇಗೆ ಹೋಗಬೇಕೆಂದು ಆಸ್ಪತ್ರೆಯಲ್ಲೇ ಮುಚ್ಚುಮರೆಯಿಲ್ಲದೆ ಕೇಳಿರಿ. ಕೆಲಸಕ್ಕೆ ಮರಳುವ ದಿನವನ್ನೂ ಅಲ್ಲಿಯೇ ಬರೆಸಿಕೊಳ್ಳಿರಿ.

ನೆರೆಹೊರೆಯವರ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಜೀನೆಯಲ್ಲಿ ಎದುರಾದವರು ಸೆರಗು ಮುಚ್ಚಿಕೊಂಡು ಸರಿದರೆ ರೋಗಿಗೆ ಆಗುವ ನೋವು ಕಾಯಿಲೆಗಿಂತ ಕಡಿಮೆಯಲ್ಲ. ನೆಲದಿಂದ, ಆಕಾಶದಿಂದ, ಉಸಿರಾಡುವ ಗಾಳಿಯಿಂದ ಜಗತ್ತಿನ ಪ್ರತಿಯೊಬ್ಬನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಸಹಜವಾಗಿಯೇ ತಲುಪುತ್ತಿದೆ. ಇದರ ಮೇಲೆ ಸಾರ್ವಜನಿಕರಿಗೆ ವಿಧಿಸಿರುವ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಚೀಟಿಯ ನಿಯಮಗಳು ಇಂತಹ ಲೆಕ್ಕಗಳ ಮೇಲೆ ನಿಂತಿವೆ. ಬಾಗಿಲಲ್ಲಿ ನಿಂತು ಕ್ಷೇಮ ವಿಚಾರಿಸಿದ ನೆರೆಯವರಿಗೆ ಯಾವ ಕೇಡೂ ಇಲ್ಲ.

ಆ ಚೀಟಿಯನ್ನು ಕೆಲವು ತಿಂಗಳು ಪರ್ಸಿನಲ್ಲೇ ಇಟ್ಟುಕೊಳ್ಳಿರಿ. ಅಪಘಾತವೋ ವಾಂತಿ ಜ್ವರವೋ ಆಗಿ ಬೇರೆ ಆಸ್ಪತ್ರೆ ಸೇರಿದರೆ ಅಲ್ಲಿನ ವೈದ್ಯರಿಗೆ ಮೊದಲು ಅದನ್ನು ತೋರಿಸಿರಿ. ವಿಮಾನ ನಿಲ್ದಾಣದ ವಿಕಿರಣ ಶೋಧಕವು ವಾರಗಳ ಅನಂತರವೂ ಸದ್ದು ಮಾಡಬಹುದು. ಅಲ್ಲಿಯೂ ಅದೇ ಚೀಟಿ ಸಾಕು.