ದೂರು ಕೊಡೋಣ, ಬೆನ್ನು ಹತ್ತೋಣ



ನಲ್ಲಿಯಲ್ಲಿ ಕೆಸರು ನೀರು ಬಂದರೆ ಮನೆಯಲ್ಲಿ ಮೊದಲು ಗೊತ್ತಾಗುವುದು ನಮಗೆ. ಆದರೆ ದೂರು ಕೊಡುವುದೆಲ್ಲಿ? ನಮ್ಮ ವಿಕ್ರೋಳಿಯಲ್ಲಿ ರೈಲು ಹಳಿ ದಾಟಿದರೆ ಕಚೇರಿಯೇ ಬೇರೆ. ಪೂರ್ವದ ಕನ್ನಮ್‌ವಾರ್ ನಗರ, ಟಾಗೋರ್ ನಗರದವರಿಗೆ ಭಾಂಡುಪ್‌ನ ಎಸ್ ವಾರ್ಡ್. ಪಶ್ಚಿಮದ ಪಾರ್ಕ್‌ಸೈಟಿನವರಿಗೆ ಘಾಟ್ಕೋಪರ್‌ನ ಎನ್ ವಾರ್ಡ್.

1888ರ ಕಾಯ್ದೆಯಂತೆ ಮುಂಬಯಿ ಮಹಾನಗರ ಪಾಲಿಕೆಯ ಆಡಳಿತ ನಡೆಸುವವರು ರಾಜ್ಯ ಸರಕಾರ ನೇಮಿಸಿದ ಕಮಿಷನರ್. ಅವರನ್ನು ಕೇಳಬೇಕಾದವರು ನಾವು ಆರಿಸಿದ ನಗರಸೇವಕರು. 2022ರ ಮಾರ್ಚ್‌ನಲ್ಲಿ ನಗರಸೇವಕರ ಅವಧಿ ಮುಗಿಯಿತು. 2026ರ ಜನವರಿಯ ಚುನಾವಣೆಯವರೆಗೆ ಕಮಿಷನರರೇ ಆಡಳಿತಾಧಿಕಾರಿ. ಬಜೆಟ್ ಮಂಡಿಸುವವರೂ ಒಪ್ಪುವವರೂ ಅವರೇ. ಆ ಅವಧಿಯಲ್ಲೇ, 2025ರ ಜೂನ್‌ನಲ್ಲಿ, ವಿಕ್ರೋಳಿಯ ಮೇಲ್ಸೇತುವೆ ತೆರೆಯಿತು, ಸಂತೋಷ. ಆದರೆ ಗಲ್ಲಿಯ ಗಟಾರದ ಮಾತನ್ನು ಸಭೆಯಲ್ಲಿ ಎತ್ತಲು ನಮ್ಮ ಪ್ರತಿನಿಧಿ ಇರಲಿಲ್ಲ.

ಪಾಲಿಕೆಯ 227 ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೇ ಮೀಸಲು. ಹಾಗಾಗಿ ನನ್ನ ವಿನಂತಿ ಇಷ್ಟೇ: ಪಾಲಿಕೆಯ 1916 ನಂಬರಿಗೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೆಲಸವಾಗದಿದ್ದರೆ ಅದನ್ನು ಹಿಡಿದು ವಾರ್ಡ್ ಕಚೇರಿಗೆ, ನಗರಸೇವಕರ ಬಳಿಗೆ ಹೋಗಿ. ಒಬ್ಬರೇ ಹೋಗಬೇಡಿ, ಕಟ್ಟಡದ ಹತ್ತು ಮಂದಿ, ಮರಾಠಿ ನೆರೆಯವರನ್ನೂ ಸೇರಿಸಿಕೊಂಡು ಹೋಗಿ. ನೀರು ಎಲ್ಲರ ಮನೆಗೂ ಒಂದೇ ಪೈಪಿನಲ್ಲಿ ಬರುತ್ತದಲ್ಲವೇ?